ಯಲ್ದೂರಿನಿಂದ ಹೇಗ್ ನಗರಕ್ಕೆ ಯಾವ ದಾರಿ?

2025ರ ಜೂನ್ ತಿಂಗಳಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಮಾವು ಬೆಳೆಗಾರರು ಕಾನೂನಿನ ಒಂದು ಪಾಠವನ್ನು ಬಲು ತುಟ್ಟಿಯಾಗಿ ಕಲಿತರು. ಹೊರರಾಜ್ಯದ ತೋತಾಪುರಿ ತನ್ನ ಗಡಿಯೊಳಗೆ ಬರಕೂಡದೆಂದು ಆಂಧ್ರದ ಚಿತ್ತೂರು ಜಿಲ್ಲಾಡಳಿತ ಆದೇಶ ಹೊರಡಿಸಿತು. ಈ ಭಾಗದ ತೋತಾಪುರಿಗೆ ಚಿತ್ತೂರಿನ ತಿರುಳು ಕಾರ್ಖಾನೆಗಳೇ ದೊಡ್ಡ ಗಿರಾಕಿ. ಹಣ್ಣು ಕಾಯುವುದಿಲ್ಲ, ಕೊಳೆಯುತ್ತದೆ. ರೈತರು ಬೀದಿಗಿಳಿದರು, ಕರ್ನಾಟಕದ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು.

ಇದು ಎರಡು ರಾಜ್ಯಗಳ ನಡುವಿನ ಮಾತು. ದೇಶದೊಳಗೆ ವ್ಯಾಪಾರ ಮುಕ್ತವಾಗಿರಬೇಕೆನ್ನುವ ಸಂವಿಧಾನದ 301ನೇ ವಿಧಿಯನ್ನು ಎತ್ತಿ ತೋರಿಸಬಹುದು. ಅದೇ ಎರಡು ದೇಶಗಳ ನಡುವೆ ಆದರೆ? 2014ರ ಮೇ ತಿಂಗಳಿನಿಂದ ಐರೋಪ್ಯ ಒಕ್ಕೂಟ ಭಾರತದ ಮಾವಿಗೆ ಬಾಗಿಲು ಮುಚ್ಚಿತ್ತು. ಕಾರಣ, ಪೆಟ್ಟಿಗೆಗಳಲ್ಲಿ ಸಿಕ್ಕ ಹಣ್ಣಿನ ನೊಣ. 2015ರ ಆರಂಭದಲ್ಲಿ ನಿಷೇಧ ತೆರವಾಯಿತು. ಇಂಥ ನಿರ್ಬಂಧಗಳಿಗೆ ವೈಜ್ಞಾನಿಕ ಆಧಾರವಿರಬೇಕೆಂದು 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದವೊಂದು ಹೇಳುತ್ತದೆ. ನೊಣದ ಜೀವನಚಕ್ರ ಬಲ್ಲವರಿಗೂ ಅಂತರರಾಷ್ಟ್ರೀಯ ಕಾನೂನಿನಲ್ಲಿ ಕೆಲಸವಿದೆ ಎಂದಾಯಿತು!

ಯಲ್ದೂರಿನ ಪಿಯುಸಿ ವಿದ್ಯಾರ್ಥಿನಿಯೊಬ್ಬಳು 'ನಾನು ಅಂತರರಾಷ್ಟ್ರೀಯ ಕಾನೂನು ಓದುತ್ತೇನೆ' ಎಂದರೆ ಮನೆಯಲ್ಲಿ ಮೊದಲು ನಗು, ಆಮೇಲೆ 'ಕೋಲಾರದ ಕೋರ್ಟಿನಲ್ಲೇ ವಕೀಲರು ತುಂಬಿಹೋಗಿದ್ದಾರಲ್ಲಮ್ಮ' ಎಂಬ ಮಾತು ಬರುವುದು ಸಹಜ. ಆದರೆ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಕುಳಿತ ಸ್ವತಂತ್ರ ಭಾರತದ ಮೊದಲ ನ್ಯಾಯಾಧೀಶರು ನಮ್ಮ ಕರಾವಳಿಯವರೇ. ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು 1887ರಲ್ಲಿ, ಮಂಗಳೂರಿನಲ್ಲಿ. ಅಲ್ಲಿನ ಕೆನರಾ ಹೈಸ್ಕೂಲು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಅವರ ಓದಿನ ಮೆಟ್ಟಿಲುಗಳು. ಓದಿದ್ದರಲ್ಲಿ ಸಂಸ್ಕೃತ, ಇಂಗ್ಲಿಷ್‌ಗಳ ಜೊತೆ ಭೌತಶಾಸ್ತ್ರ, ಗಣಿತವೂ ಇದ್ದವು. ಐ.ಸಿ.ಎಸ್. ಸೇರಿ ಬಂಗಾಳ, ಅಸ್ಸಾಂಗಳಲ್ಲಿ ದುಡಿಯುತ್ತಲೇ ಕಾನೂನನ್ನು ಅರಗಿಸಿಕೊಂಡರು. ಸಿಂಧೂ ನದಿಯ ನೀರಿಗಾಗಿ ಸಿಂಧ್ ಮತ್ತು ಪಂಜಾಬ್ ಪ್ರಾಂತ್ಯಗಳು ಜಗಳಕ್ಕೆ ನಿಂತಾಗ ಆಯೋಗದ ಅಧ್ಯಕ್ಷರಾಗಿ 1942ರಲ್ಲಿ ವರದಿ ಕೊಟ್ಟವರು ಅವರೇ. ಆಮೇಲೆ ಸಂವಿಧಾನ ಸಭೆಯ ಸಲಹೆಗಾರರು, ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ, 1952ರಲ್ಲಿ ಹೇಗ್. ಮರುವರ್ಷವೇ ತೀರಿಕೊಂಡರು.

ಆ ದಾರಿ ಇಂದು ಇಲ್ಲ. ಇಂದಿನ ಹೆದ್ದಾರಿ ಆರಂಭವಾಗುವುದು ಬೆಂಗಳೂರಿನ ನಾಗರಭಾವಿಯಲ್ಲಿ. ಅಲ್ಲಿನ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಪಾಠ ಆರಂಭಿಸಿ, ಪಿಯುಸಿ ನಂತರ ಐದು ವರ್ಷದ ಕಾನೂನು ಪದವಿ ಎಂಬ ಪದ್ಧತಿಗೆ ದೇಶದಲ್ಲೇ ಹೆಸರು ತಂದಿತು. ಅಂತರರಾಷ್ಟ್ರೀಯ ಕಾನೂನಿನ ಅಣಕು ನ್ಯಾಯಾಲಯಗಳಲ್ಲಿ ಹಿರಿದೆನಿಸಿದ ಜೆಸಪ್ ಸ್ಪರ್ಧೆಯನ್ನು ಇಲ್ಲಿನ ವಿದ್ಯಾರ್ಥಿಗಳು 1999 ಮತ್ತು 2013ರಲ್ಲಿ ಗೆದ್ದು ಬಂದಿದ್ದಾರೆ. ಸೇರಲು 'ಕ್ಲ್ಯಾಟ್' ಪರೀಕ್ಷೆ ಬರೆಯಬೇಕು. ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದ್ದರೂ ಅಡ್ಡಿಯಿಲ್ಲ. ಎರಡು ಗಂಟೆ, 120 ಪ್ರಶ್ನೆ. ಒಂದು ತಪ್ಪು ಉತ್ತರಕ್ಕೆ ಕಾಲು ಅಂಕ ಖೋತಾ.

ತೊಡಕಿರುವುದು ಇಂಗ್ಲಿಷಿನಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಈ ಗಡಿನಾಡಿನ ಮಕ್ಕಳಿಗೆ ಉದ್ದುದ್ದ ಇಂಗ್ಲಿಷ್ ಪ್ಯಾರಾಗಳನ್ನು ಗಡಿಯಾರ ನೋಡಿಕೊಂಡು ಓದುವ ಅಭ್ಯಾಸವೇ ಇರುವುದಿಲ್ಲ. ಬುದ್ಧಿ ಸಾಲದೆ ಅಲ್ಲ, ಅಭ್ಯಾಸ ಸಾಲದೆ ಹಿಂದೆ ಬೀಳುತ್ತಾರೆ. ಒಂಬತ್ತನೇ ತರಗತಿಯಿಂದ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿದರೆ ಕೋಚಿಂಗ್‌ನ ಅರ್ಧ ಕೆಲಸ ಮುಗಿದಂತೆ. ಎರಡು ಭಾಷೆ ಆಗಲೇ ನಾಲಿಗೆಯ ಮೇಲಿರುವವರಿಗೆ ಮೂರನೆಯದು, ನಾಲ್ಕನೆಯದು ಅಷ್ಟೊಂದು ಭಾರವಾಗದು. ನಾಲ್ಕನೆಯದು ಎಂದದ್ದು ಸುಮ್ಮನಲ್ಲ. ಹೇಗ್ ನ್ಯಾಯಾಲಯದ ಅಧಿಕೃತ ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್.

ನಮ್ಮವರಿಗೆ ಅನುಕೂಲವಾದ ಸಂಗತಿಯೂ ಒಂದಿದೆ. ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ 2021ರಿಂದ ನಾಗರಭಾವಿಯ ಸಂಸ್ಥೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿದೆ. ಹಳ್ಳಿಯ ಎಷ್ಟು ಶಾಲೆಗಳಲ್ಲಿ ಇದನ್ನು ಮಕ್ಕಳಿಗೆ ಹೇಳಿದ್ದಾರೋ!

ಶುಲ್ಕ ಮಾತ್ರ ವರ್ಷಕ್ಕೆ ಲಕ್ಷಗಳ ಲೆಕ್ಕ. ಆಗದವರು ಎದೆಗುಂದಬೇಕಿಲ್ಲ. ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪನೆಯಾದ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಿವೆ. ಅಲ್ಲಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕೆ.ಜಿ.ಎಫ್.ನ ಕೆಂಗಲ್ ಹನುಮಂತಯ್ಯ ಕಾನೂನು ಕಾಲೇಜು ಜಿಲ್ಲೆಯೊಳಗೇ ಇದೆ. ಬಿ.ಎಸ್ಸಿ. ಮುಗಿಸಿ ಮೂರು ವರ್ಷದ ಎಲ್‌ಎಲ್.ಬಿ. ಮಾಡುವುದು ಹಳೆಯ ದಾರಿಯಾದರೂ ಕೆಟ್ಟ ದಾರಿಯಲ್ಲ. ನೀರು, ಪರಿಸರ, ಪೇಟೆಂಟುಗಳ ವ್ಯಾಜ್ಯದಲ್ಲಿ ವಿಜ್ಞಾನ ಬಲ್ಲ ವಕೀಲರಿಗೆ ಬೆಲೆಯಿದೆ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಪದವಿ ಕೈಗೆ ಬಂದದ್ದೇ ತಡ, ಜಮೀನು ಅಡವಿಟ್ಟು ಮಗನನ್ನು ವಿದೇಶಕ್ಕೆ ಎಲ್‌ಎಲ್.ಎಂ.ಗೆ ಕಳಿಸುವ ಆತುರ ಸಲ್ಲದು. ಒಂದು ವರ್ಷದ ಆ ಪದವಿಯೊಂದೇ ಯಾವ ದೇಶದಲ್ಲೂ ನೌಕರಿ ಕೊಡಿಸುವುದಿಲ್ಲ. ಎರಡು ಮೂರು ವರ್ಷ ಇಲ್ಲೇ ಹೈಕೋರ್ಟಿನಲ್ಲೋ ಮಧ್ಯಸ್ಥಿಕೆ ನಡೆಸುವ ಕಚೇರಿಯಲ್ಲೋ ದುಡಿದು, ವಿದ್ಯಾರ್ಥಿವೇತನ ಗಿಟ್ಟಿಸಿಕೊಂಡು ಹೋದರೆ ಲಾಭ. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್, ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೆ ರಾಜ್ಯದ 'ಪ್ರಬುದ್ಧ' ಯೋಜನೆ ಇವೆ.

ಕೆಲಸವಾದರೂ ಎಲ್ಲಿ? ಹೇಗ್‌ನಲ್ಲಿ ನ್ಯಾಯಾಧೀಶರ ಕುರ್ಚಿಗಳು ಹದಿನೈದೇ. ಆದರೆ ದೆಹಲಿಯ ವಿದೇಶಾಂಗ ಸಚಿವಾಲಯದಲ್ಲಿ ಒಪ್ಪಂದಗಳನ್ನು ನೋಡಿಕೊಳ್ಳುವ ಕಾನೂನು ವಿಭಾಗವೇ ಇದೆ. ರಫ್ತು ಕಂಪನಿಗಳಿವೆ, ಮಧ್ಯಸ್ಥಿಕೆ ಕೇಂದ್ರಗಳಿವೆ. ಜಿಲ್ಲೆಯ ಬಾಗಿಲಲ್ಲೇ ನೀರಿನ ವ್ಯಾಜ್ಯವಿದೆ. ಪಾಲಾರ್ ನದಿಯ ಮೇಲೆ ಹೊಸ ನೀರಾವರಿ ಕಾಮಗಾರಿಗೆ ಮದ್ರಾಸನ್ನು ಕೇಳಬೇಕೆಂದದ್ದು 1892ರ ಒಪ್ಪಂದ. ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಬಳಿ ಮಾರ್ಕಂಡೇಯ ನದಿಗೆ ಕಟ್ಟಿದ ಅಣೆಕಟ್ಟಿನ ವಿರುದ್ಧ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಾಧಿಕರಣ ಕೇಳಿ ಎಂದು ಕೋರ್ಟು 2019ರ ನವೆಂಬರಿನಲ್ಲಿ ಹೇಳಿತು. 2018ರ ಕಾವೇರಿ ತೀರ್ಪಿನಲ್ಲಿ ದೇಶದೇಶಗಳ ನಡುವಿನ ನದಿಗಳಿಗಾಗಿ 1966ರಲ್ಲಿ ರೂಪಿಸಿದ ಹೆಲ್ಸಿಂಕಿ ನಿಯಮಗಳ ಚರ್ಚೆಯೇ ನಡೆದಿದೆ.

ಕ್ಲ್ಯಾಟ್ ಬರೆಯುವವರು ಒಂದು ತಾರೀಕು ನೆನಪಿಡಬೇಕು. ಇತ್ತೀಚಿನ ವರ್ಷಗಳಲ್ಲಿ ಅದು ಡಿಸೆಂಬರಿನ ಮೊದಲ ಭಾನುವಾರ ನಡೆಯುತ್ತಿದೆ, ಅಂದರೆ ಪಿಯುಸಿ ವಾರ್ಷಿಕ ಪರೀಕ್ಷೆಗೂ ಮುಂಚೆ. ಫಲಿತಾಂಶ ಬಂದ ಮೇಲೆ ಯೋಚಿಸೋಣ ಎಂದು ಕುಳಿತವರಿಗೆ ಒಂದು ವರ್ಷ ಹೋದಂತೆಯೇ.