ಷಾನ್ಸಿಯ ಯೆನ್ ಷೀ-ಷಾನ್: ಒಂದು ಪ್ರಾಂತಾಧಿಕಾರದ ಚರಿತ್ರೆ

ಚೀನಾ ದೇಶದಲ್ಲಿ 1911ನೆಯ ಇಸವಿಯ ಕ್ರಾಂತಿಯ ತರುವಾಯ ಪ್ರಾಂತಗಳನ್ನು ಕೈವಶಮಾಡಿಕೊಂಡ ಸೇನಾಧಿಪತಿಗಳು ಅನೇಕರು. ಅವರಲ್ಲಿ ಬಹುಮಂದಿ ಕೆಲವು ವರ್ಷ ಮೆರೆದು ಕಣ್ಮರೆಯಾದರು. ಷಾನ್ಸಿ ಪ್ರಾಂತದ ಯೆನ್ ಷೀ-ಷಾನನೊಬ್ಬನು ಮಾತ್ರ, ನಡುವೆ ಭಂಗಗಳೊದಗಿದರೂ, 1949ರವರೆಗೆ ಅದೇ ಪ್ರಾಂತಕ್ಕೆ ಅಂಟಿಕೊಂಡು ನಿಂತನು. ಅವನಿಗೆ ‘ಮಾದರಿ ಗವರ್ನರ್’ ಎಂಬ ಬಿರುದನ್ನು ತಂದುಕೊಟ್ಟದ್ದು ಯುದ್ಧವಲ್ಲ, ಗ್ರಾಮಾಡಳಿತ. ಆ ಆಡಳಿತವು ಏನನ್ನು ಸಾಧಿಸಿತು, ಎಲ್ಲಿ ಎಡವಿತು ಎಂಬುದೇ ಅವನ ಚರಿತ್ರೆಯಲ್ಲಿ ವಿಚಾರಾರ್ಹವಾದ ಭಾಗ.

ಷಾನ್ಸಿಯೆಂದರೆ ಪರ್ವತಗಳ ಪಶ್ಚಿಮದ ನಾಡು. ಪೂರ್ವಕ್ಕೆ ತೈ-ಹಾಂಗ್ ಪರ್ವತಶ್ರೇಣಿ, ಪಶ್ಚಿಮ ದಕ್ಷಿಣಗಳಲ್ಲಿ ಪೀತನದಿ. ಪ್ರಕೃತಿಯೇ ಕಟ್ಟಿದ ಕೋಟೆ. ಯೆನ್ (ಇದು ಮನೆತನದ ಹೆಸರು, ಚೀನೀಯರಲ್ಲಿ ಅದೇ ಮೊದಲು ಬರುತ್ತದೆ) 1883ರಲ್ಲಿ ಇಲ್ಲಿಯ ವು-ತಾಯ್ ಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿದನು. ಮಂಜುಶ್ರೀ ಬೋಧಿಸತ್ತ್ವನ ನೆಲೆಯೆಂದು ಬೌದ್ಧರು ಪೂಜಿಸುವ ಪರ್ವತವು ಈ ಸೀಮೆಯದೇ. ತಂದೆಯದು ಸಣ್ಣ ಲೇವಾದೇವಿ ಅಂಗಡಿ. ಹುಂಡಿ ವ್ಯಾಪಾರಕ್ಕೆ ಷಾನ್ಸಿಯ ಸಾಹುಕಾರರು ಚೀನಾದಲ್ಲೆಲ್ಲ ಹೆಸರಾದವರು. ಹುಡುಗನೂ ಅಲ್ಲಿಯೇ ಲೆಕ್ಕ ಕಲಿತನು. ವ್ಯಾಪಾರ ಮುರಿದುಬಿದ್ದ ಮೇಲೆ ಸೈನಿಕ ಶಾಲೆಯನ್ನು ಸೇರಿ, 1904ರಲ್ಲಿ ಜಪಾನಿಗೆ ಹೋಗಿ, ಅಲ್ಲಿ ಸುನ್ ಯಾತ್-ಸೆನ್ನನ ಕ್ರಾಂತಿಸಂಘದ ಸದಸ್ಯನಾಗಿ, 1909ರಲ್ಲಿ ಹಿಂದಿರುಗಿದನು. 1911ರ ಅಕ್ಟೋಬರ್ 29ರಂದು ರಾಜಧಾನಿಯಾದ ತೈಯುವಾನಿನಲ್ಲಿ ಸೈನ್ಯವು ದಂಗೆಯೆದ್ದಾಗ ಸೇನಾಧಿಪತ್ಯವು ಅವನ ಕೈಸೇರಿತು. ಆಗ ಅವನಿಗೆ ಇಪ್ಪತ್ತೆಂಟು ವರ್ಷ. 1917ರಲ್ಲಿ ನಾಗರಿಕ ಆಡಳಿತವೂ ಅವನದೇ ಆಯಿತು.

ಅಲ್ಲಿಂದ ಮುಂದಿನ ಹತ್ತು ವರ್ಷಗಳು ಅವನ ಕೀರ್ತಿಯ ಕಾಲ. ನೀರಾವರಿ, ಮರ ನೆಡುವುದು, ರೇಷ್ಮೆ ಬೇಸಾಯ, ಅಫೀಮಿನ ನಿಷೇಧ, ಹೆಣ್ಣುಮಕ್ಕಳ ಪಾದಬಂಧನದ ನಿಷೇಧ, ಮಂಚೂ ದೊರೆಗಳ ಕಾಲದಿಂದ ಉಳಿದಿದ್ದ ಗಂಡಸರ ಜಡೆಯನ್ನು ಕತ್ತರಿಸುವುದು, ಈ ಆರು ಕಾರ್ಯಗಳನ್ನು ಅವನು ಮೊದಲು ಹಿಡಿದನು. ಇವನ್ನು ನಡೆಸಲು ಐದು ಮನೆಗಳಿಗೊಬ್ಬ, ಇಪ್ಪತ್ತೈದು ಮನೆಗಳಿಗೊಬ್ಬ, ಅವರ ಮೇಲೆ ಊರಿಗೊಬ್ಬ ಎಂದು ಮುಖ್ಯಸ್ಥರನ್ನು ನೇಮಿಸಿದನು. ಅಂಗಡಿಯ ಖಾತೆಪುಸ್ತಕದಂತೆ ಇಡೀ ಪ್ರಾಂತವು ಒಂದು ಲೆಕ್ಕಕ್ಕೆ ಒಳಪಟ್ಟಿತು. ಸಾಮ್ರಾಜ್ಯದ ಕಾಲದಲ್ಲಿ ಅಧಿಕಾರಿಯು ಜಿಲ್ಲೆಯ ಕಚೇರಿಯಲ್ಲಿಯೇ ನಿಲ್ಲುತ್ತಿದ್ದನು. ಈಗ ಅಧಿಕಾರವು ಮನೆಯ ಹೊಸ್ತಿಲಿಗೆ ಬಂದಿತು.

ಸಾಹಿತ್ಯಾಸಕ್ತರು ಗಮನಿಸಬೇಕಾದುದು ಅವನ ವಿದ್ಯಾಪ್ರಚಾರ. 1918ರಲ್ಲಿ ಕೇಂದ್ರ ಶಿಕ್ಷಣಖಾತೆಯು ಉಚ್ಚಾರಣೆಯನ್ನು ಸೂಚಿಸುವ ಧ್ವನಿಲಿಪಿಯೊಂದನ್ನು ಪ್ರಕಟಿಸಿತು. ಸಾವಿರಾರು ಚಿತ್ರಾಕ್ಷರಗಳನ್ನು ಕಲಿಯಲಾರದ ರೈತನಿಗೆ ಇದು ಓದಿನ ಬಾಗಿಲಾದೀತೆಂದು ಅವನು ಉತ್ಸಾಹದಿಂದ ಅದನ್ನು ಹರಡಿಸಿದನು. ಬಾಲಕರಿಗೆ ಶಿಕ್ಷಣವನ್ನು ಕಡ್ಡಾಯಮಾಡಿದನು. ಪ್ರಜೆಯು ತಿಳಿದಿರತಕ್ಕ ವಿಷಯಗಳೆಂದು ಸುಲಭ ಭಾಷೆಯಲ್ಲಿ ಪುಸ್ತಕ ಬರೆಯಿಸಿ ಹಂಚಿದನು. 1919ರ ಅಕ್ಟೋಬರಿನಲ್ಲಿ ಶಿಕ್ಷಣಸಂಘಗಳ ಅಖಿಲ ಚೀನಾ ಸಮ್ಮೇಳನವು ತೈಯುವಾನಿನಲ್ಲಿ ನಡೆದಾಗ ಅಮೆರಿಕದ ತತ್ತ್ವಜ್ಞ ಜಾನ್ ಡ್ಯೂಯಿಯೂ ಅವನ ಶಿಷ್ಯ ಹೂ ಷೀಯೂ ಅಲ್ಲಿಗೆ ಬಂದಿದ್ದರು. 1924ರ ಮೇ ತಿಂಗಳಲ್ಲಿ ರವೀಂದ್ರನಾಥ ಠಾಕೂರರು ಎಲ್ಮ್‌ಹರ್ಸ್ಟರೊಡನೆ ಹೋಗಿ ಅವನನ್ನು ಕಂಡು, ಶ್ರೀನಿಕೇತನದ ಮಾದರಿಯ ಗ್ರಾಮಸೇವೆಯನ್ನು ಷಾನ್ಸಿಯಲ್ಲಿ ನಡೆಸುವ ಮಾತೆತ್ತಿದರು. ಕವಿ ಷೂ ಚೀ-ಮೋ ದುಭಾಷಿಯಾಗಿದ್ದನು. ಯೆನ್ ಸಹಾಯಕ್ಕೆ ಒಪ್ಪಿದನು. ಆದರೆ ಆ ಪ್ರಯೋಗವು ಕೈಗೂಡಲಿಲ್ಲ.

ಇದೆಲ್ಲದರ ಇನ್ನೊಂದು ಮುಖವನ್ನೂ ನೋಡತಕ್ಕದ್ದು. ‘ಹೃದಯಪ್ರಕ್ಷಾಲನ’ವೆಂಬ ಹೆಸರಿನ ಸಭೆಗಳಲ್ಲಿ ಅಧಿಕಾರಿಗಳೂ ವಿದ್ಯಾರ್ಥಿಗಳೂ ನೆರೆದು ಕನ್ಫ್ಯೂಷಿಯಸನ ನೀತಿಯನ್ನು ಕೇಳಿ ಆತ್ಮಪರೀಕ್ಷೆ ಮಾಡಿಕೊಳ್ಳಬೇಕಾಗಿತ್ತು. ಒಳ್ಳೆಯದೆಲ್ಲವೂ ಆಜ್ಞೆಯಾಗಿಯೇ ಬಂದಿತು. ಊರಿನ ಮುಖ್ಯಸ್ಥನಾಗುವವನಿಗೆ ಆಸ್ತಿ ಇರಬೇಕೆಂಬುದು ನಿಯಮ. ಆದುದರಿಂದ ಸ್ವಯಮಾಡಳಿತವೆಂದು ಕರೆಯಲ್ಪಟ್ಟದ್ದು ಅನೇಕ ಕಡೆ ಉಳ್ಳವರ ಆಡಳಿತವೇ ಆಯಿತು.

1930ರಲ್ಲಿ ಅವನು ಫೆಂಗ್ ಯೂ-ಷಿಯಾಂಗನೊಡನೆ ಸೇರಿ ಚಿಯಾಂಗ್ ಕೈ-ಷೇಕನ ಮೇಲೆ ಯುದ್ಧಹೂಡಿ ಸೋತನು. ಪ್ರಾಂತದ ಕಾಗದದ ಹಣವು ಬೆಲೆಗೆಟ್ಟು ಜನರು ಕಷ್ಟಕ್ಕೀಡಾದರು. ಡೈರೆನ್ನಿನಲ್ಲಿ ಮರೆಯಾಗಿದ್ದು 1931ರಲ್ಲಿ ಮರಳಿದವನು ಹತ್ತು ವರ್ಷಗಳ ನಿರ್ಮಾಣಯೋಜನೆಯೊಂದನ್ನು ಹಾಕಿ, ಕಾರ್ಖಾನೆಗಳನ್ನು ತೆರೆದು, ಉತ್ತರದಿಂದ ದಕ್ಷಿಣದವರೆಗೆ ರೈಲುದಾರಿಯನ್ನು ಹಾಕಿಸಿದನು. ಹಳಿಗಳ ಅಗಲ ಒಂದೇ ಮೀಟರ್. ಹೊರಗಿನವರ ಸೈನ್ಯ ಬರದಿರಲೆಂದೇ ಹೀಗೆ ಮಾಡಿದನೆಂದು ಪ್ರಸಿದ್ಧಿ. ಆದರೆ ಪೂರ್ವದಿಂದ ತೈಯುವಾನಿಗೆ 1907ರಲ್ಲಿಯೇ ಮುಗಿದಿದ್ದ ಹಳೆಯ ದಾರಿಯೂ ಅದೇ ಅಗಲದ್ದು, ವೆಚ್ಚವೂ ಕಡಿಮೆ. ಲೆಕ್ಕಿಗನಿಗೆ ಅಷ್ಟೇ ಕಾರಣ ಸಾಕಾಗಿದ್ದೀತು. ಇದಕ್ಕಿಂತ ಶೋಚನೀಯವಾದುದು ಅಫೀಮಿನ ಕಥೆ. ಒಮ್ಮೆ ನಿಷೇಧಿಸಿದವನೇ ಈ ಕಾಲದಲ್ಲಿ ಚಟ ಬಿಡಿಸುವ ಔಷಧವೆಂಬ ಹೆಸರಿನಿಂದ ಸರ್ಕಾರದ ಮೂಲಕ ಅದನ್ನು ಮಾರಿಸಿದನು.

ಹಳ್ಳಿಯ ಬಡವನಿಗೆ ಭೂಮಿಯಿಲ್ಲದಿದ್ದರೆ ವ್ಯವಸ್ಥೆ ನಿಲ್ಲದೆಂಬುದು ಅವನಿಗೆ ಹೊಳೆಯದೆ ಹೋಗಲಿಲ್ಲ. 1935ರಲ್ಲಿ ಜಮೀನನ್ನು ಗ್ರಾಮದ ಸ್ವತ್ತಾಗಿ ಮಾಡಬೇಕೆಂದು ಅವನೇ ಸೂಚಿಸಿದನು. ಸೂಚನೆಯು ಕಾಗದದಲ್ಲಿಯೇ ಉಳಿಯಿತು. 1936ರಲ್ಲಿ ಕಮ್ಯೂನಿಸ್ಟ್ ಸೈನ್ಯವು ಪೀತನದಿಯನ್ನು ದಾಟಿ ಬಂದಾಗ, ಐದೈದು ಮನೆಗಳ ಲೆಕ್ಕವು ಅದನ್ನು ತಡೆಯಲಿಲ್ಲ; ನಾನ್ಕಿಂಗಿನ ಸೈನ್ಯವನ್ನು ಕರೆಯಬೇಕಾಯಿತು.

1937ರ ನವೆಂಬರಿನಲ್ಲಿ ತೈಯುವಾನ್ ಜಪಾನೀಯರ ವಶವಾಯಿತು. ಯೆನ್ ಪ್ರಾಂತದ ಒಂದು ಮೂಲೆಯಲ್ಲಿ ಉಳಿದು ಎಂಟು ವರ್ಷ ಕಳೆದನು. 1945ರಲ್ಲಿ ಮರಳಿ ಬಂದು, ಸೋತ ಜಪಾನೀ ಸೈನಿಕರನ್ನೇ ಸಾವಿರಾರು ಸಂಖ್ಯೆಯಲ್ಲಿ ತನ್ನ ಸೇವೆಯಲ್ಲಿರಿಸಿಕೊಂಡನು. ಪ್ರಾಂತದ ಜನಬಲವು ತನ್ನ ಹಿಂದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾಗಿರಲಿಲ್ಲ. 1948ರ ಅಕ್ಟೋಬರಿನಲ್ಲಿ ಮೊದಲಾದ ಮುತ್ತಿಗೆಯು 1949ರ ಏಪ್ರಿಲ್ 24ರಂದು ತೈಯುವಾನಿನ ಪತನದಿಂದ ಮುಗಿಯಿತು. ಅದಕ್ಕೆ ಒಂದು ತಿಂಗಳಿಗಿಂತ ಸ್ವಲ್ಪ ಕಡಿಮೆ ಮುಂಚೆಯೇ ಅವನು ವಿಮಾನದಲ್ಲಿ ಹೊರಟುಹೋಗಿದ್ದನು. ಅದೇ ಜೂನ್ ತಿಂಗಳಿನಿಂದ 1950ರ ಮಾರ್ಚಿಯವರೆಗೆ, ನೆಲ ಕಳೆದುಕೊಳ್ಳುತ್ತಿದ್ದ ಸರ್ಕಾರಕ್ಕೆ ಪ್ರಧಾನಿಯಾಗಿದ್ದನು. ಬಳಿಕ ತೈವಾನಿನಲ್ಲಿ, ತೈಪೆಯ ಹೊರಗಣ ಬೆಟ್ಟದ ಮೇಲೆ, ಷಾನ್ಸಿಯ ಹಳ್ಳಿಗರ ಗುಹೆಮನೆಯಂಥ ಕಲ್ಲಿನ ಮನೆಯನ್ನು ಕಟ್ಟಿಸಿಕೊಂಡು, ಬರೆಯುತ್ತ ಕಾಲಕಳೆದು, 1960ರಲ್ಲಿ ತೀರಿಕೊಂಡನು.