ಸರ್ಪಸುತ್ತು: ಅದರ ನೋವು, ಅದರ ಉಪಚಾರ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುಮಾರ್ಗದಲ್ಲಿ ಹಾವೇರಿಯನ್ನು ದಾಟಿದ ಮೇಲೆ ಬ್ಯಾಡಗಿಯೂ ಅನಂತರ ರಾಣೇಬೆನ್ನೂರೂ ಬರುತ್ತವೆ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಬ್ಯಾಡಗಿಗೆ ಬಂದಿಳಿದವರನ್ನು ಮೊದಲು ಎದುರುಗೊಳ್ಳುವುದು ಅಲ್ಲಿಯ ಘಾಟು. ಮಾರುಕಟ್ಟೆಯ ಸುತ್ತಮುತ್ತ ಕೆಂಪು ರಾಶಿಗಳ ನಡುವೆ ಹೆಂಗಸರು ಕುಳಿತು ತೊಟ್ಟು ಬಿಡಿಸುತ್ತಿರುತ್ತಾರೆ. ನಮ್ಮ ಸೋದರತ್ತೆಯವರೂ ಅನೇಕ ವರ್ಷ ಈ ಕೆಲಸವನ್ನು ಮಾಡಿದವರೇ. ಕೈಯುರಿ ಅವರಿಗೆ ಹೊಸದಲ್ಲ. ಆದುದರಿಂದ ಒಂದು ಸುಗ್ಗಿಯಲ್ಲಿ ಅವರ ಎಡಬೆನ್ನು ಮತ್ತು ಪಕ್ಕೆ ಉರಿಯತೊಡಗಿದಾಗ, ಖಾರದ ಕೈ ಎಲ್ಲಿಯೋ ತಾಗಿರಬೇಕೆಂದು ಅವರು ಸುಮ್ಮನಾದರು.

ಮೂರನೆಯ ದಿನ ಆ ಜಾಗದಲ್ಲಿ ಕೆಂಪಡರಿ, ನೀರು ತುಂಬಿದ ಸಣ್ಣ ಗುಳ್ಳೆಗಳು ಗೊಂಚಲು ಗೊಂಚಲಾಗಿ ಎದ್ದವು. ನೋಡಿದ ನೆರೆಯವರು ಒಂದೇ ಮಾತಿನಲ್ಲಿ ಹೆಸರಿಟ್ಟರು: ಸರ್ಪಸುತ್ತು. ಕೆಮ್ಮಣ್ಣನ್ನು ಕಲಸಿ ಹಚ್ಚಿದರು. ಗರಿಕೆಯ ರಸವನ್ನು ಹಿಂಡಿದರು. ಸರ್ಪದ ತಲೆಯೂ ಬಾಲವೂ ಕೂಡಿದರೆ ಪ್ರಾಣಕ್ಕೆ ಅಪಾಯವೆಂಬ ನಂಬಿಕೆಯಿಂದ, ಸುತ್ತು ಎಷ್ಟು ಮುಂದುವರಿಯಿತೆಂಬುದನ್ನು ಮನೆಯವರು ದಿನವೂ ನೋಡುತ್ತಿದ್ದರು. ಗುಳ್ಳೆ ಎದ್ದ ಮರುದಿನ ಭಾನುವಾರ. ರಾಣೇಬೆನ್ನೂರಿನಿಂದ ನಾವು ಹೋಗಿ ಅವರನ್ನು ಕಂಡೆವು. “ಸೀರಿ ತಾಗಿದರೂ ಕೆಂಡ ಇಟ್ಟಂಗ ಆಕ್ಕೈತಿ ತಮ್ಮಾ” ಎಂದರು. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಾವು, “ಎರಡು ದಿನದಾಗ ಕಡಿಮಿ ಆಕ್ಕೈತ್ರಿ ಅತ್ತಿ” ಎಂದು ಸಮಾಧಾನ ಹೇಳಿ ಹಿಂದಿರುಗಿದೆವು.

ನೋವು ಕಡಿಮೆಯಾಗಲಿಲ್ಲ. ಆರನೆಯ ದಿನ ಅವರನ್ನು ವೈದ್ಯರಲ್ಲಿಗೆ ಕರೆದೊಯ್ದೆವು. ವೈದ್ಯರು ಕೇಳಿದ ಮೊದಲನೆಯ ಪ್ರಶ್ನೆ, “ಗುಳ್ಳೆ ಎದ್ದು ಎಷ್ಟು ದಿನ ಆತು?” ಎಂಬುದು. ಜೊತೆಗೆ ಬಂದವರು ಕೊಟ್ಟ ಉತ್ತರ, “ಅರ್ಧ ಸುತ್ತು ಆಗೈತ್ರಿ, ಇನ್ನೂ ಕೂಡಿಲ್ಲ” ಎಂದು. ವೈದ್ಯರು ಕಾಲವನ್ನು ಕೇಳಿದರು. ನಾವು ಉದ್ದವನ್ನು ಹೇಳಿದೆವು. ಯಾವ ರಾಶಿಯನ್ನು ಅಳೆಯಬೇಕೆಂಬುದನ್ನು ವಿದ್ಯಾರ್ಥಿಗಳಿಗೆ ಪ್ರತಿವರ್ಷ ಕಲಿಸುವ ನಮಗೆ ಅಂದು ಆದ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಮಲಗಿದ್ದ ವೈರಿ

ಸರ್ಪಸುತ್ತಿಗೂ ಸರ್ಪಕ್ಕೂ ಯಾವ ಸಂಬಂಧವೂ ಇಲ್ಲ. ಹೆಸರು ಬಂದುದು ಆಕಾರದಿಂದ. ಗ್ರೀಕರೂ ಈ ಆಕಾರವನ್ನೇ ನೋಡಿ ನಡುಪಟ್ಟಿ ಎಂಬ ಅರ್ಥದ ‘ಜೋಸ್ಟರ್’ ಎಂಬ ಪದವನ್ನು ಬಳಸಿದರು. ಇಂಗ್ಲಿಷಿನ ‘ಶಿಂಗಲ್ಸ್’ ಎಂಬುದೂ ನಡುಪಟ್ಟಿ ಎಂಬರ್ಥದ ಲ್ಯಾಟಿನ್ ಪದದಿಂದಲೇ ಹುಟ್ಟಿತು.

ಇದನ್ನುಂಟುಮಾಡುವುದು ಒಂದು ವೈರಸ್. ಬಾಲ್ಯದಲ್ಲಿ ಬರುವ ಸೀತಾಳೆ ಸಿಡುಬಿಗೆ, ಎಂದರೆ ಚಿಕನ್‌ಪಾಕ್ಸಿಗೆ, ಕಾರಣವಾದ ವೈರಸ್ಸೇ ಇದು. ಸಿಡುಬು ಮಾಯ್ದು ಮಗು ಮಿಂದು ಆಟಕ್ಕೆ ಹೋಗುತ್ತದೆ. ಆದರೆ ವೈರಸ್ ದೇಹವನ್ನು ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಇಕ್ಕೆಲಗಳಲ್ಲಿಯೂ ತಲೆಯ ಕೆಲವು ನರಗಳ ಬುಡದಲ್ಲಿಯೂ ಇರುವ ನರಗಂಟುಗಳೊಳಗೆ ಅದು ಹತ್ತಾರು ವರ್ಷ ನಿದ್ರಿಸುತ್ತದೆ. ವಯಸ್ಸಾಗಿಯೋ, ಬೇರೊಂದು ಕಾಯಿಲೆಯಿಂದಲೋ, ಕೆಲವು ಔಷಧಿಗಳಿಂದಲೋ ದೇಹದ ರಕ್ಷಣಾಶಕ್ತಿ ಕುಂದಿದಾಗ, ಒಂದು ಗಂಟಿನಲ್ಲಿ ಅದು ಎಚ್ಚೆತ್ತು, ನರತಂತುವಿನ ಗುಂಟ ಚರ್ಮಕ್ಕೆ ಇಳಿಯುತ್ತದೆ. ಗುಳ್ಳೆಗಳು ಏಳುವುದಕ್ಕೆ ಮುಂಚೆಯೇ ಉರಿಯೂ ಚುಚ್ಚುನೋವೂ ತೋರುವುದು ಈ ಕಾರಣದಿಂದ.

ಇದನ್ನು ಸ್ಪಷ್ಟವಾಗಿ ಊಹಿಸಿದವರಲ್ಲಿ ಎಡ್ಗರ್ ಹೋಪ್-ಸಿಂಪ್ಸನ್ ಪ್ರಮುಖರು. ಅವರು ಇಂಗ್ಲೆಂಡಿನ ಸಿರೆನ್ಸೆಸ್ಟರ್ ಎಂಬ ಸಣ್ಣ ಊರಿನಲ್ಲಿ ಸಾಮಾನ್ಯ ವೈದ್ಯರಾಗಿದ್ದರು. ದೊಡ್ಡ ಪ್ರಯೋಗಾಲಯವನ್ನಲ್ಲ, ತಮ್ಮ ರೋಗಿಗಳ ದಾಖಲೆಗಳನ್ನೇ ಅವರು ಆಧಾರವಾಗಿಟ್ಟುಕೊಂಡರು. 16 ವರ್ಷಗಳಲ್ಲಿ ತಮ್ಮಲ್ಲಿಗೆ ಬಂದ 192 ಸರ್ಪಸುತ್ತಿನ ಪ್ರಸಂಗಗಳನ್ನು ಬರೆದಿಟ್ಟು, ವಯಸ್ಸು ಏರಿದಂತೆ ವ್ಯಾಧಿ ಹೆಚ್ಚುವುದನ್ನೂ, ಊರಿನಲ್ಲಿ ಚಿಕನ್‌ಪಾಕ್ಸ್ ಹರಡಿದಾಗ ಇದು ಹೆಚ್ಚದಿರುವುದನ್ನೂ ಕಂಡರು. ಹಾಗಾದರೆ ಇದು ಹೊರಗಿನಿಂದ ಹತ್ತಿದುದಲ್ಲ, ಒಳಗೇ ಇದ್ದುದು ಎದ್ದುದು ಎಂಬ ಸಿದ್ಧಾಂತವನ್ನು 1965ರಲ್ಲಿ ಮಂಡಿಸಿದರು. ಸಣ್ಣ ಊರಿನಲ್ಲಿದ್ದುಕೊಂಡು ವಿಜ್ಞಾನ ಸಾಧ್ಯವಿಲ್ಲವೆನ್ನುವ ನಮ್ಮ ವಿದ್ಯಾರ್ಥಿಗಳು ಈ ಸಂಗತಿಯನ್ನು ನೆನಪಿಡಬೇಕು.

ಸರ್ಪವು ಏಕೆ ಸುತ್ತುವುದಿಲ್ಲ?

ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಪ್ರತಿಯೊಂದು ಜೊತೆಯಲ್ಲಿ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಹಾವೇರಿ ಜಿಲ್ಲೆಯನ್ನು ತಾಲ್ಲೂಕುಗಳಾಗಿ ಹಂಚಿರುವಂತೆ ನಮ್ಮ ಚರ್ಮವೂ ಈ ನರಗಳಿಗೆ ಹಂಚಿಹೋಗಿದೆ. ಎದೆ ಮತ್ತು ಬೆನ್ನಿನ ಭಾಗದಲ್ಲಿ ಒಂದೊಂದು ನರದ ತಾಲ್ಲೂಕು ಬೆನ್ನುಮೂಳೆಯಿಂದ ಹೊರಟು ಪಕ್ಕೆಯನ್ನು ಬಳಸಿ ಎದೆಯ ನಡುಗೆರೆಯವರೆಗೆ ಬರುವ ಒಂದು ಪಟ್ಟಿ. ಬ್ಯಾಡಗಿಯ ಕಚೇರಿಯಲ್ಲಿ ಗಲಭೆಯಾದರೆ ಬ್ಯಾಡಗಿ ತಾಲ್ಲೂಕಿನ ಕೆಲಸ ಕೆಡುತ್ತದೆಯೇ ಹೊರತು ರಾಣೇಬೆನ್ನೂರಿನದಲ್ಲ. ಹಾಗೆಯೇ ಎಡಗಡೆಯ ಒಂದು ಗಂಟಿನಲ್ಲಿ ಎದ್ದ ವೈರಸ್ ಸಾಮಾನ್ಯವಾಗಿ ಆ ಗಂಟಿನ ಪಟ್ಟಿಯಲ್ಲಿಯೇ ಗುಳ್ಳೆಗಳನ್ನು ಎಬ್ಬಿಸುತ್ತದೆ, ನಡುಗೆರೆಯನ್ನು ದಾಟುವುದಿಲ್ಲ. ಹೆನ್ರಿ ಹೆಡ್ ಮತ್ತು ಕ್ಯಾಂಬೆಲ್ ಎಂಬ ವೈದ್ಯರು 1900ರಲ್ಲಿ ಸರ್ಪಸುತ್ತಿನ ರೋಗಿಗಳ ಗುಳ್ಳೆಗಳ ಜಾಗವನ್ನು ಗುರುತಿಸುತ್ತ ಹೋಗಿಯೇ ಚರ್ಮದ ಈ ನಕಾಶೆಯನ್ನು ಪ್ರಕಟಿಸಿದರು.

ಆದುದರಿಂದ ತಲೆ ಬಾಲ ಕೂಡುವ ಭಯವು ನಿರಾಧಾರವಾದುದು. ದೇಹದ ರಕ್ಷಣಾಶಕ್ತಿ ತೀರ ಕುಗ್ಗಿದವರಲ್ಲಿ ಗುಳ್ಳೆಗಳು ಮೈತುಂಬ ಹರಡುವುದುಂಟು. ಆದರೆ ಅಲ್ಲಿ ಅಪಾಯಕ್ಕೆ ಕಾರಣ ಸುತ್ತು ಕೂಡುವುದಲ್ಲ, ವೈರಸ್ಸಿಗೆ ತಡೆಯಿಲ್ಲದಿರುವುದು. ಈ ನಂಬಿಕೆಯ ನಿಜವಾದ ಕೇಡೆಂದರೆ, ಸುತ್ತು ಕೂಡಿಲ್ಲವೆಂಬ ಧೈರ್ಯದಲ್ಲಿ ಅಮೂಲ್ಯವಾದ ದಿನಗಳು ಕಳೆದುಹೋಗುವುದು.

ಮೂರು ದಿನಗಳ ಅವಧಿ

ಆ ದಿನಗಳು ಏಕೆ ಅಮೂಲ್ಯ? ಎಸೈಕ್ಲೋವಿರ್ ಎಂಬ ಔಷಧಿಯ ಕೆಲಸವನ್ನು ಅರಿತರೆ ಉತ್ತರ ದೊರೆಯುತ್ತದೆ. ವೈರಸ್ ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ಡಿ.ಎನ್.ಎ. ಸರಪಳಿಗೆ ಒಂದೊಂದೇ ಕೊಂಡಿಯನ್ನು ಜೋಡಿಸುತ್ತ ಹೋಗುತ್ತದೆ. ಎಸೈಕ್ಲೋವಿರ್ ನೋಟಕ್ಕೆ ಅಂತಹುದೇ ಕೊಂಡಿ. ಆದರೆ ಅದರ ಮುಂದಿನ ತುದಿಗೆ ಇನ್ನೊಂದು ಕೊಂಡಿಯನ್ನು ಸಿಕ್ಕಿಸಲು ಬಾರದು. ಅದು ಸೇರಿತೆಂದರೆ ಸರಪಳಿ ಅಲ್ಲಿಗೇ ನಿಂತಿತು. ಅದನ್ನು ಚುರುಕುಗೊಳಿಸುವ ಕಿಣ್ವವು ವೈರಸ್ಸಿನದೇ ಆದುದರಿಂದ ನಮ್ಮ ಆರೋಗ್ಯವಂತ ಜೀವಕೋಶಗಳಿಗೆ ಬಾಧೆ ಬಹಳ ಕಡಿಮೆ. ಇಂತಹ ಔಷಧಿಗಳಿಗೆ ದಾರಿ ತೋರಿದ ಗರ್ಟ್ರೂಡ್ ಎಲಿಯನ್ ಅವರು 1988ರ ನೊಬೆಲ್ ಪಾರಿತೋಷಕವನ್ನು ಇತರ ಇಬ್ಬರೊಡನೆ ಹಂಚಿಕೊಂಡರು.

ಔಷಧಿಯು ಹೊಸ ಪ್ರತಿಗಳು ಹುಟ್ಟುವುದನ್ನು ತಡೆಯುತ್ತದೆ. ಆಗಲೇ ಆಗಿಹೋದ ನರದ ಗಾಯವನ್ನು ಅಳಿಸಲಾರದು. ಗುಳ್ಳೆ ಎದ್ದ 72 ಗಂಟೆಗಳೊಳಗೆ ಪ್ರಾರಂಭಿಸಿದರೆ ಹುಣ್ಣುಗಳು ಬೇಗ ಒಣಗುತ್ತವೆ, ತೀವ್ರವಾದ ನೋವು ಬೇಗ ಇಳಿಯುತ್ತದೆ. ಎಸೈಕ್ಲೋವಿರ್, ವ್ಯಾಲಸೈಕ್ಲೋವಿರ್ ಇವು ವೈದ್ಯರ ಚೀಟಿಯ ಮೇಲೆ ಕೊಳ್ಳಬೇಕಾದ ಗುಳಿಗೆಗಳು. ಸಾಮಾನ್ಯವಾಗಿ ಏಳು ದಿನ ಸೇವಿಸಬೇಕು. ಮೂರು ದಿನ ಕಳೆದಿದ್ದರೂ ಹೊಸ ಗುಳ್ಳೆಗಳು ಏಳುತ್ತಿದ್ದರೆ ವೈದ್ಯರು ಕೊಡುವುದುಂಟು. ಆದುದರಿಂದ ತಡವಾಯಿತೆಂದು ಕೈಚೆಲ್ಲಿ ಕೂಡಬಾರದು.

ಕೆಲವು ಪ್ರಸಂಗಗಳಲ್ಲಿ ಒಂದು ದಿನವೂ ಕಾಯಲಾಗದು. ಹಣೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ದೃಷ್ಟಿಗೆ ಅಪಾಯವಿದೆ. ಕಿವಿಯಲ್ಲಿ ಎದ್ದು ಮುಖ ಸೊಟ್ಟಗಾದರೆ ಮುಖದ ನರಕ್ಕೆ ಪೆಟ್ಟು ಬಿದ್ದಿದೆ. ಗರ್ಭಿಣಿಯರಿಗೆ, ಕ್ಯಾನ್ಸರ್ ಮೊದಲಾದ ಕಾಯಿಲೆಗಳಿಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ ಬಂದರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲಿ ಮಾಡಬೇಕಾದುದು

ಹಾಗಾದರೆ ಮನೆಯ ಉಪಚಾರಕ್ಕೆ ಬೆಲೆಯಿಲ್ಲವೇ? ಖಂಡಿತ ಇದೆ. ಕೆಮ್ಮಣ್ಣು ಹಚ್ಚಿದಾಗ ಅತ್ತೆಯವರಿಗೆ ಗಳಿಗೆ ಹೊತ್ತು ಹಿತವಾದುದು ಸುಳ್ಳಲ್ಲ. ಅದರ ಗುಟ್ಟು ಮಣ್ಣಿನಲ್ಲಿಲ್ಲ, ಮಣ್ಣಿನೊಳಗಿನ ನೀರಿನಲ್ಲಿದೆ. ಚರ್ಮದ ಮೇಲಿನ ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 2,400 ಜೂಲ್ ಉಷ್ಣವನ್ನು ಹೀರಿಕೊಳ್ಳುತ್ತದೆ. ಮಡಕೆಯ ನೀರನ್ನು ತಂಪಾಗಿಡುವ ಗುಪ್ತೋಷ್ಣವೇ ಇಲ್ಲಿಯೂ ಕೆಲಸ ಮಾಡುತ್ತದೆ. ಆದರೆ ಮಣ್ಣಿನೊಡನೆ ಕೀವುಹುಣ್ಣಿನ ಬ್ಯಾಕ್ಟೀರಿಯಾಗಳೂ ಧನುರ್ವಾಯುವಿನ ಬೀಜಾಣುಗಳೂ ಒಡೆದ ಗುಳ್ಳೆಗಳೊಳಕ್ಕೆ ಹೋಗಬಹುದು. ಗುಣವನ್ನು ಇಟ್ಟುಕೊಂಡು ದೋಷವನ್ನು ಬಿಡುವುದು ಸುಲಭ: ಒಗೆದ ಹತ್ತಿಯ ಬಟ್ಟೆಯನ್ನು ಕಾಯಿಸಿ ಆರಿಸಿದ ತಣ್ಣೀರಿನಲ್ಲಿ ಅದ್ದಿ ಹಿಂಡಿ, ಹತ್ತು ಹದಿನೈದು ನಿಮಿಷ ಗುಳ್ಳೆಗಳ ಮೇಲೆ ಇಡಬೇಕು. ದಿನಕ್ಕೆ ಹಲವು ಸಲ ಹೀಗೆ ಮಾಡಬಹುದು. ಮಂಜುಗಡ್ಡೆಯನ್ನು ನೇರವಾಗಿ ಇಡಬಾರದು.

ಅನಂತರ ಜಾಗವನ್ನು ಒತ್ತಿ ಒಣಗಿಸಬೇಕು, ಉಜ್ಜಬಾರದು. ದಿನಕ್ಕೊಮ್ಮೆ ಸೌಮ್ಯವಾದ ಸಾಬೂನಿನಿಂದ ಮೆಲ್ಲನೆ ತೊಳೆಯಬಹುದು. ತುರಿಕೆಗೆ ಕ್ಯಾಲಮೈನ್ ದ್ರವವನ್ನು ಸವರಬಹುದು. ಗುಳ್ಳೆಗಳನ್ನು ಒಡೆಯಬಾರದು, ಉಗುರುಗಳನ್ನು ಕತ್ತರಿಸಿಕೊಳ್ಳಬೇಕು. ಸಡಿಲವಾದ ಹತ್ತಿಯ ಉಡುಪು, ಅಂಟಿಕೊಳ್ಳದ ತೆಳುವಾದ ಹೊದಿಕೆ ಸಾಕು. ನೋವಿಗೆ ಪ್ಯಾರಾಸಿಟಮಾಲ್ ಗುಳಿಗೆಯನ್ನು ಹೇಳಿದ ಪ್ರಮಾಣ ಮೀರದಂತೆ ಕೊಡಬಹುದು. ಅದು ಸಾಲದಿದ್ದರೆ ವೈದ್ಯರಿಗೆ ತಿಳಿಸಬೇಕು. ತಡೆದುಕೊಳ್ಳುವುದೇ ಧೈರ್ಯವೆಂದು ಹಿರಿಯರನ್ನು ಒತ್ತಾಯಿಸಬಾರದು.

ಗುಳ್ಳೆಯ ನೀರಿನಲ್ಲಿ ಜೀವಂತ ವೈರಸ್ ಇರುತ್ತದೆ. ಅದು ಸೋಂಕಿದವರಿಗೆ ಸರ್ಪಸುತ್ತು ಬರುವುದಿಲ್ಲ. ಹಿಂದೆ ಚಿಕನ್‌ಪಾಕ್ಸ್ ಬಾರದವರಿಗೆ ಚಿಕನ್‌ಪಾಕ್ಸ್ ಬರಬಹುದು. ಆದುದರಿಂದ ಎಲ್ಲ ಗುಳ್ಳೆಗಳೂ ಹೊಪ್ಪಳೆಗಟ್ಟುವವರೆಗೆ, ಸಾಮಾನ್ಯವಾಗಿ ಏಳರಿಂದ ಹತ್ತು ದಿನ, ಗಾಯವನ್ನು ಮುಚ್ಚಿಡಬೇಕು. ಟವೆಲನ್ನು ಬೇರೆ ಇಡಬೇಕು. ಎಳೆಗೂಸುಗಳಿಂದಲೂ ಚಿಕನ್‌ಪಾಕ್ಸ್ ಬಾರದ ಗರ್ಭಿಣಿಯರಿಂದಲೂ ದೂರವಿರಬೇಕು.

ಮೆಣಸಿನಕಾಯಿ ಕಲಿಸಿದ ಪಾಠ

ಎರಡರಿಂದ ನಾಲ್ಕು ವಾರಗಳಲ್ಲಿ ಚರ್ಮ ಮಾಯುತ್ತದೆ. ಆದರೆ ಕೆಲವರಲ್ಲಿ, ವಿಶೇಷವಾಗಿ ವೃದ್ಧರಲ್ಲಿ, ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಗಾಯಗೊಂಡ ನರವು, ಕರೆಯುವವರಿಲ್ಲದಿದ್ದರೂ ಬಾರಿಸುವ ಗಂಟೆಯಂತೆ, ವಿದ್ಯುತ್ ಸಂಕೇತಗಳನ್ನು ಮಿದುಳಿಗೆ ಕಳುಹಿಸುತ್ತಲೇ ಇರುತ್ತದೆ. ಸೀರೆಯ ಸೆರಗು ಸೋಕಿದರೂ ಬೆಂಕಿ ತಾಗಿದಂತಾಗುವುದು ಇದರಿಂದಲೇ. ಹೊರಗೆ ಗಾಯ ಕಾಣದಿರುವುದರಿಂದ ಇದನ್ನು ನಟನೆಯೆಂದು ಹಳಿಯುವವರುಂಟು. ಅದು ದೊಡ್ಡ ಅನ್ಯಾಯ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲೀನ್ ಮೊದಲಾದ ಔಷಧಿಗಳನ್ನು ವೈದ್ಯರು ಇದಕ್ಕೆ ಕೊಡುತ್ತಾರೆ.

ಇಲ್ಲಿ ಮೆಣಸಿನಕಾಯಿಯೂ ಬರುತ್ತದೆ. ಅದರ ಖಾರದ ದ್ರವ್ಯವಾದ ಕ್ಯಾಪ್ಸೈಸಿನ್ ನಮ್ಮನ್ನು ಉರಿಸುವುದು ಹೇಗೆಂಬುದನ್ನು ಡೇವಿಡ್ ಜೂಲಿಯಸ್ ಅವರ ತಂಡವು 1997ರಲ್ಲಿ ಬಯಲುಮಾಡಿತು. ನೋವಿನ ನರಗಳ ತುದಿಯಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ತೆರೆಯುವ ಒಂದು ಬಾಗಿಲಿದೆ. ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ತಣ್ಣಗಿರುವಾಗಲೇ ತೆರೆಯುತ್ತದೆ. ಈ ಸಂಶೋಧನೆಗೆ ಅವರು 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲುಗೊಂಡರು. ಬಾಗಿಲು ಬಹಳ ಹೊತ್ತು ತೆರೆದೇ ಇದ್ದರೆ ನರದ ತುದಿ ದಣಿದು ಮೌನವಾಗುತ್ತದೆ. ಈ ತತ್ತ್ವದ ಮೇಲೆ, ಗಾಯ ಪೂರ್ತಿ ಮಾಯ್ದ ಮೇಲೆ ಉಳಿಯುವ ನೋವಿಗೆ, ಅತಿ ಕಡಿಮೆ ಪ್ರಮಾಣದ ಕ್ಯಾಪ್ಸೈಸಿನ್ ಮುಲಾಮನ್ನು ಬಳಸುತ್ತಾರೆ. ಶೇಕಡಾ 8ರ ಪಟ್ಟಿಯನ್ನು ಚಿಕಿತ್ಸಾಲಯದಲ್ಲಿ ಮಾತ್ರ ಅಂಟಿಸುತ್ತಾರೆ.

ಇದನ್ನು ಓದಿ ಯಾರೂ ಅಡಿಗೆಮನೆಯ ಖಾರದ ಪುಡಿಯನ್ನು ಹಚ್ಚಲು ಹೋಗಬಾರದು! ಗುಳ್ಳೆಯ ಮೇಲೆ ಅದು ಚಿತ್ರಹಿಂಸೆಯೇ ಸರಿ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದಾದರೂ ಖಾರಕ್ಕಲ್ಲ, ಬಣ್ಣಕ್ಕೆ.

ಐವತ್ತು ದಾಟಿದವರಿಗೆ ಸರ್ಪಸುತ್ತನ್ನು ತಡೆಯುವ ಲಸಿಕೆಯೊಂದು 2023ರಿಂದ ಭಾರತದಲ್ಲಿಯೂ ದೊರೆಯುತ್ತಿದೆ. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ಬೆಲೆ ದುಬಾರಿ, ತೊಟ್ಟು ಬಿಡಿಸುವ ಕೈಗಳಿಗೆ ಅದು ಸದ್ಯಕ್ಕೆ ಎಟುಕುವಂತಹುದಲ್ಲ. ಆದುದರಿಂದಲೇ ಬೇಗ ಗುರುತಿಸುವುದು ಅಷ್ಟು ಮುಖ್ಯವಾದುದು.

ನಮ್ಮ ಅತ್ತೆಯವರ ನೋವು ಎಂಟು ತಿಂಗಳು ಉಳಿಯಿತು. ಆ ಭಾನುವಾರವೇ ವೈದ್ಯರಲ್ಲಿಗೆ ಹೋಗಿದ್ದರೆ ಅದು ಬರುತ್ತಲೇ ಇರಲಿಲ್ಲವೆಂದು ನಾವು ಹೇಳಲಾರೆವು. ಔಷಧಿ ಅಷ್ಟು ಖಚಿತವಾದ ಭರವಸೆಯನ್ನು ಕೊಡುವುದಿಲ್ಲ. ಆದರೆ ಮೊದಲ ವಾರದ ಸಂಕಟವಾದರೂ ಬೇಗ ಇಳಿಯಬಹುದಾಗಿತ್ತು. ಆ ಅವಕಾಶವನ್ನು ಅವರಿಂದ ಕಸಿದುದು ಸರ್ಪವಲ್ಲ, ನಮ್ಮ ಅಜ್ಞಾನ. ಈಗ ಅವರ ಓಣಿಯಲ್ಲಿ ಯಾರಿಗಾದರೂ ಒಂದು ಪಕ್ಕೆಯಲ್ಲಿ ಮಾತ್ರ ಉರಿಗುಳ್ಳೆ ಎದ್ದರೆ ಅತ್ತೆಯವರು ಮೊದಲು ಕೇಳುವ ಮಾತು, “ಎಂದ ಎದ್ದಾವು?” ಎಂಬುದು. ಎಷ್ಟು ಸುತ್ತಿದೆಯೆಂದು ಅವರೀಗ ಕೇಳುವುದಿಲ್ಲ.