ಕೀಲಿಮಣೆ ತಯಾರಿಕೆ: ಚಿಪ್ಪಿನ ಆಯ್ಕೆ ಮತ್ತು ದಾಸ್ತಾನಿನ ಲೆಕ್ಕ

ಗ್ರಾಹಕರ ಅಪೇಕ್ಷೆಗೆ ತಕ್ಕಂತೆ ಗಣಕಯಂತ್ರದ ಕೀಲಿಮಣೆಗಳನ್ನು ತಯಾರಿಸುವ ಉದ್ದಿಮೆಯನ್ನು ಅಲ್ಪ ಬಂಡವಾಳದಿಂದಲೂ ಆರಂಭಿಸಬಹುದು. ಆದರೆ ಒಂದು ಚಿಪ್ಪಿನ ತಪ್ಪು ಆಯ್ಕೆಯಿಂದ ಆ ಬಂಡವಾಳವೆಲ್ಲ ಮಾರಾಟವಾಗದ ದಾಸ್ತಾನಾಗಿ ಕಪಾಟು ಸೇರುವ ಸಂಭವವಿದೆ.

ಯಾವ ಕೀಲಿಯನ್ನು ಒತ್ತಲಾಯಿತೆಂಬುದನ್ನು ಗ್ರಹಿಸಿ ಗಣಕಯಂತ್ರಕ್ಕೆ ತಿಳಿಸುವುದು ಕೀಲಿಮಣೆಯೊಳಗಿನ ಮೈಕ್ರೋಕಂಟ್ರೋಲರ್ ಚಿಪ್ಪು. ಅದನ್ನು ನಡೆಸುವ ತಂತ್ರಾಂಶವೇ ಫರ್ಮ್‌ವೇರ್. ಇದನ್ನು ಹೊಸದಾಗಿ ಬರೆಸುವುದು ದುಬಾರಿಯಾದುದರಿಂದ ಸಣ್ಣ ತಯಾರಕರಲ್ಲಿ ಅನೇಕರು ಉಚಿತವಾಗಿ ದೊರೆಯುವ ಕ್ಯೂಎಂಕೆಯನ್ನು ಅವಲಂಬಿಸುತ್ತಾರೆ. ಅದು ಯಾವ ಚಿಪ್ಪುಗಳಿಗೆ ಹೊಂದುತ್ತದೆಂಬ ಪಟ್ಟಿಯನ್ನು ಅದರ ನಿರ್ವಾಹಕರೇ ಪ್ರಕಟಿಸಿದ್ದಾರೆ. ಚಿಪ್ಪು ಕೊಂಡ ಮೇಲೆ ಪಟ್ಟಿ ನೋಡುವುದೆಂದರೆ ಜಾತಕ ನೋಡುವ ಮೊದಲೇ ಲಗ್ನಪತ್ರಿಕೆ ಅಚ್ಚು ಹಾಕಿಸಿದಂತೆ.

ಬಹುಕಾಲ ಈ ರಂಗದಲ್ಲಿ ಬಳಕೆಯಲ್ಲಿದ್ದುದು ಎಟಿಮೆಗಾ 32ಯು4. ಯುಎಸ್‌ಬಿ ಸೌಲಭ್ಯ ಅದರೊಳಗೇ ಇದೆ. ಅದರ ಫ್ಲ್ಯಾಶ್ ಮೆಮೊರಿ 32 ಕಿಲೋಬೈಟ್. ಬೂಟ್‌ಲೋಡರ್‌ಗೆ ಸಾಮಾನ್ಯವಾಗಿ 4 ಕಿಲೋಬೈಟ್ ಹೋದರೆ ಉಳಿಯುವುದು 28. ಸಾಧಾರಣ ಕೀಲಿಮಣೆಗೆ ಇದು ಧಾರಾಳವಾಯಿತು. ಬಣ್ಣದ ದೀಪ, ಪುಟ್ಟ ಪರದೆ, ಕೀಲಿಗಳನ್ನು ಗ್ರಾಹಕನೇ ಬದಲಿಸಿಕೊಳ್ಳುವ ಅನುಕೂಲ ಎಲ್ಲವೂ ಬೇಕೆಂದರೆ ಸ್ಥಳ ಸಾಲದಾಗುತ್ತದೆ. 2021ರಲ್ಲಿ ಜಗತ್ತಿನಾದ್ಯಂತ ಚಿಪ್ಪುಗಳ ಅಭಾವ ತಲೆದೋರಿದಾಗ ಇದೂ ದುರ್ಲಭವಾಯಿತು. ಒಂದು ಚಿಪ್ಪಿಗೆಂದು ಮಾಡಿಸಿದ ಪಿಸಿಬಿಯ ಮೇಲೆ ಮತ್ತೊಂದು ಕೂರುವುದಿಲ್ಲ. ನಷ್ಟದ ಮೂಲ ಇರುವುದು ಇಲ್ಲಿಯೇ.

ಅದೇ ವರ್ಷ ಜನವರಿಯಲ್ಲಿ ರಾಸ್ಪ್‌ಬೆರಿ ಪೈ ಹೊರತಂದ ಆರ್‌ಪಿ 2040 ಚಿಪ್ಪಿಗೆ 2022ರಲ್ಲಿ ಕ್ಯೂಎಂಕೆ ಬೆಂಬಲ ದೊರೆಯಿತು. ಅದರಲ್ಲಿ 264 ಕಿಲೋಬೈಟ್ ರ್‍ಯಾಮ್ ಇದೆ, ದರವೂ ಕಡಿಮೆ. ಆದರೆ ಫರ್ಮ್‌ವೇರ್ ಹಿಡಿದಿಡುವ ಫ್ಲ್ಯಾಶ್ ಅದರೊಳಗಿಲ್ಲ. ಅದನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಯುಎಸ್‌ಬಿಯ 5 ವೋಲ್ಟನ್ನು 3.3ಕ್ಕೆ ಇಳಿಸುವ ರೆಗ್ಯುಲೇಟರ್ ಸಹ ಅವಶ್ಯ. ಬರಿಯ ಚಿಪ್ಪಿನ ದರವನ್ನೇ ಹೋಲಿಸಿ ವೆಚ್ಚಪಟ್ಟಿ ತಯಾರಿಸುವವರು ಎಡವುವುದು ಇಂಥ ಕಡೆಗಳಲ್ಲಿಯೇ.

ಪಿನ್ನುಗಳ ಲೆಕ್ಕವೂ ಮುಖ್ಯ. 5 ಅಡ್ಡಸಾಲು, 15 ಕಂಬಸಾಲುಗಳ ಜೋಡಣೆಗೆ 20 ಪಿನ್ನುಗಳು ಬೇಕು. ಪ್ರೊ ಮೈಕ್ರೋ ಮಾದರಿಯ ಸಿದ್ಧ ಬೋರ್ಡಿನಲ್ಲಿ ದೊರೆಯುವುದು 18 ಮಾತ್ರ. ಎಸ್‌ಟಿಎಂ 32 ಸರಣಿಯೂ ಯೋಗ್ಯವಾದುದೇ. ಆದರೆ ಅದರ ಎಫ್103 ಹೆಸರಿನಲ್ಲಿ ನಕಲಿ ಸರಕು ಬಹಳಷ್ಟು ಓಡಾಡುತ್ತಿರುವುದರಿಂದ ಮಾದರಿಗಳನ್ನು ಪರೀಕ್ಷಿಸದೆ ಸಗಟು ಖರೀದಿಗೆ ಕೈಹಾಕುವುದು ಕ್ಷೇಮವಲ್ಲ.

ಉಚಿತವೆಂದ ಮಾತ್ರಕ್ಕೆ ನಿರ್ಬಂಧವಿಲ್ಲವೆಂದು ಭಾವಿಸಬಾರದು. ಕ್ಯೂಎಂಕೆ ಜಿಪಿಎಲ್ ಪರವಾನಗಿಗೆ ಒಳಪಟ್ಟಿದೆ. ಅದನ್ನು ಅಳವಡಿಸಿದ ಕೀಲಿಮಣೆ ಮಾರುವವರು ತಾವು ಮಾಡಿದ ಮಾರ್ಪಾಡುಗಳ ಸಹಿತ ಮೂಲ ಸಂಕೇತವನ್ನು ಕೊಂಡವರಿಗೆ ಒದಗಿಸಲೇಬೇಕು. ಮಾರ್ಪಾಡನ್ನು ಗುಟ್ಟಾಗಿಡಬಯಸುವ ಉದ್ದಿಮೆದಾರರು ಸ್ವಂತ ಫರ್ಮ್‌ವೇರ್ ಬರೆಸುವ ವೆಚ್ಚವನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.